ಸೋರೆಕಾಯಿಗೆ ನೀರೆರೆದ ಕೈ

ಭೂಮಿಕಾ, ಚರಣ್,

ಸಂಕ್ರಾಂತಿ ರಜೆಗೆ ಬಂದಿದ್ದಾಗ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ಭೂಮಿಕ ನನ್ನನ್ನು ಒಂದು ಮಾತು ಕೇಳಿದಳು.

"ಅಜ್ಜೀ, ವೆಂಕಟೇಶ ತಾತಂಗಿರೋ ಕಾಯ್ಲೆನೇ ನಿಂಗೂ ಐತಂತೆ. ಇಸ್ಕೂಲಲ್ಲಿ ಜೀನ್ ಪಾಠ ಮಾಡಿದ್ರು. ಅದು ನಂಗೂ ಬತ್ತದಾ? ಗಂಡು ಹುಡುಗ್ರಿಗೇ ಜಾಸ್ತಿ ಅಂತಾರಪ್ಪ, ಬಂದ್ರೆ ಇವ್ನಿಗೇ ಬರ್ಲಿ ಬಿಡು."

ಚರಣ್ ಒಂದು ಹಿಡಿ ಸಿಪ್ಪೆ ತೆಗೆದು ಅವಳ ತಲೆಯ ಮೇಲೆ ಸುರಿದ. ನಾನು "ಹಸು ಕೂಗ್ತೈತೆ" ಎಂದು ಎದ್ದು ಕೊಟ್ಟಿಗೆಗೆ ಹೋದೆ. ಹಸು ಕೂಗಿರಲಿಲ್ಲ.

ಎದುರಿಗೆ ಕೂತು ಇಂಥದ್ದನ್ನು ಹೇಳುವ ಬಾಯಿ ನನಗಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸುತ್ತಿದ್ದೆ. ಬರೆಯಲು ಹೇಳಿದರೆ ಮಾತ್ರ ಸಲೀಸಾಗಿ ಬರೆಯುತ್ತಿದ್ದೆ. ಈಗಲೂ ಅಷ್ಟೇ. ನಿಮ್ಮ ಬಂಗಾರಪೇಟೆ ಅಜ್ಜಿಗೆ, ಅಂದರೆ ನಿಮ್ಮಪ್ಪನ ತಾಯಿಗೆ, ಇದನ್ನೆಲ್ಲಾ ಬರೆಯುತ್ತೇನೆಂದು ಮೊದಲೇ ತಿಳಿಸಿದ್ದೇನೆ. "ಬರೀರಿ, ಆದ್ರೆ ಆ ಕಾಯಿ ಬಿದ್ದಿದ್ದು ಮಾತ್ರ ಬರೀಬ್ಯಾಡಿ" ಎಂದರು. ಅದನ್ನು ಬಿಟ್ಟರೆ ಈ ಕಥೆಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಬರೆಯುತ್ತೇನೆ.

ನನ್ನ ತಮ್ಮ ವೆಂಕಟೇಶನಿಗೆ ಮೀಸೆ ಗಟ್ಟಿಯಾಗುವ ವಯಸ್ಸಿನಲ್ಲೇ ಕಾಯಿಲೆ ಬಂತು. ಕೆಜಿಎಫ್‌ನಲ್ಲಿ ರೂಮು ಮಾಡಿಕೊಂಡು ಫಿಟ್ಟರ್ ಕೆಲಸ ಕಲಿಯುತ್ತಿದ್ದ. ಪಕ್ಕದ ರೂಮಿನವರು ರಾತ್ರಿ ಹಗಲು ತನ್ನ ವಿಷಯವೇ ಮಾತಾಡುತ್ತಾರೆ ಎಂದು ಓಡಿ ಬಂದ. ಪಕ್ಕದ ರೂಮಿನಲ್ಲಿ ಯಾರೂ ಇರಲಿಲ್ಲ. ಅವನಿಗಿಂತ ಮುಂಚೆ ನಮ್ಮ ದೊಡ್ಡಪ್ಪನಿಗೂ ಹಾಗೇ ಆಗಿತ್ತಂತೆ. ಅವರು ಕಾಮಸಮುದ್ರದ ಕಡೆಗೆ ನಡೆದುಕೊಂಡು ಹೋದರೆ ಗಡ್ಡ ಬೆಳೆದ ಮೇಲೆ ವಾಪಸ್ಸು ಬರುತ್ತಿದ್ದರು. ಅದರಿಂದ ನಮ್ಮ ಮನೆಯಲ್ಲಿ ಒಂದು ಮಾತು ಬೇರೂರಿತು: ಈ ಕಾಯಿಲೆ ಗಂಡುಮಕ್ಕಳಿಗೆ ಮಾತ್ರ, ಹೆಣ್ಣುಮಕ್ಕಳಿಗೆ ಬರುವುದಿಲ್ಲ.

ವೆಂಕಟೇಶ ಬೆಂಗಳೂರಿನ ಆಸ್ಪತ್ರೆಯಲ್ಲಿ ಔಷಧಿ ಪಡೆದು ಹುಷಾರಾದ. ತಿಂಗಳಿಗೊಂದು ಇಂಜೆಕ್ಷನ್. ಅಪ್ಪ ಅಮ್ಮ ಹೋದ ಮೇಲೆ ನಮ್ಮ ಮನೆಗೇ ಬಂದು, ಹಸು ನೋಡಿಕೊಂಡು, ತರಕಾರಿ ಬೆಳೆದುಕೊಂಡು ಇದ್ದ. ನಿಮ್ಮ ತಾತ ತೀರಿಕೊಂಡಾಗ ನನಗೆ ಹೆಗಲಾಗಿ ನಿಂತವನು ಅವನೇ. ನಿಮ್ಮಮ್ಮ ಮಂಜುಳಳನ್ನು ನೋಡಲು ಬಂಗಾರಪೇಟೆಯವರು ಬಂದಾಗ ನಮ್ಮ ಕಡೆಯ ಹಿರಿಯರು ಆ ಮನೆಮಾತನ್ನೇ ಹೇಳಿದರು. "ಹುಡುಗಿ ಸೋದರಮಾವನ ವಿಷ್ಯ ಮುಚ್ಚಿಡಲ್ಲಮ್ಮ. ಆದ್ರೆ ನಮ್ಮನೇಲಿ ಅದು ಗಂಡುಸ್ರಿಗೆ ಮಾತ್ರ. ಹುಡುಗೀಗೇನೂ ಭಯ ಇಲ್ಲ." ಬಂಗಾರಪೇಟೆ ಅಜ್ಜಿ ಒಪ್ಪಿ ಕಾಫಿ ಕುಡಿದರು. ಮದುವೆಯಾಯಿತು.

ಅದಾಗಿ ಒಂದು ವರ್ಷವಾಗಿರಬಹುದು. ನನಗೆ ತಿಂಗಳ ಮುಟ್ಟು ನಿಂತ ಕಾಲ. ಬೆಳಿಗ್ಗೆ ಹಾಲು ಕರೆಯುವಾಗ ಬೆನ್ನ ಹಿಂದೆ ಇಬ್ಬರು ಹೆಂಗಸರು ಮಾತಾಡುವುದು ಕೇಳಿಸಿತು.

"ಕರೀತಾವ್ಳೆ ನೋಡು."

"ಕರೀಲಿ ಬಿಡು. ಇನ್ನೇನು ಬತ್ತದೆ ಇವ್ಳಿಗೆ."

ತಿರುಗಿ ನೋಡಿದರೆ ಕರು ಮಾತ್ರ ಇತ್ತು. ಮಾರನೇ ದಿನವೂ ಅವರು ಬಂದರು. ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಅರ್ಧ ತೆಲುಗಿನಲ್ಲಿ. ಪಾತ್ರೆ ತೊಳೆದರೆ ಪಾತ್ರೆಯ ಮಾತು, ತಲೆ ಬಾಚಿದರೆ ತಲೆಯ ಮಾತು. ಯಾರಿಗೂ ಹೇಳಲಿಲ್ಲ. ವಿಧವೆಗೆ ಏನೇನೋ ಕೇಳಿಸುತ್ತದಂತೆ ಎಂದು ಊರಲ್ಲಿ ಆಡಿಕೊಳ್ಳುವುದು ಬೇಡವಾಗಿತ್ತು.

ಒಂದು ಶುಕ್ರವಾರ ಗಂಗಮ್ಮನ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಆ ಇಬ್ಬರೂ ಬಾಯಿಗೆ ಬಂದ ಹಾಗೆ ಬೈಯತೊಡಗಿದರು. ತಡೆಯಲಾರದೆ ನಾನು ಗಟ್ಟಿಯಾಗಿ ತೆಲುಗಿನಲ್ಲಿ ಉತ್ತರ ಕೊಟ್ಟೆ.  ನಾಲ್ಕು ಜನರ ಮುಂದೆ ಉಸಿರೆತ್ತದ ಹೆಂಗಸು ಹಾಗೆ ಕೂಗಿದರೆ ಏನೆಂದುಕೊಳ್ಳುತ್ತಾರೆ? "ಅಮ್ಮ ಬಂದವ್ಳೆ! ಅಮ್ಮ ಬಂದವ್ಳೆ!" ಎಂದು ಯಾರೋ ಅರಿಶಿನದ ನೀರು ತಂದು ತಲೆಗೆ ಸುರಿದರು. ಕೈಗೆ ಬೇವಿನ ಸೊಪ್ಪು ಕೊಟ್ಟರು.

ಅಂದಿನಿಂದ ಮಂಗಳವಾರ ಶುಕ್ರವಾರ ನಮ್ಮ ಮನೆ ಮುಂದೆ ಜನ. ಕಳೆದುಹೋದ ಮೇಕೆ, ನಿಂತುಹೋದ ಮದುವೆ, ಸಿಗದ ಬೋರ್‌ವೆಲ್ ನೀರು. ನಾನು ಏನು ಹೇಳಿದರೂ ಕೈ ಮುಗಿದು ಕೇಳುತ್ತಿದ್ದರು. ನಿಜ ಹೇಳುತ್ತೇನೆ, ನನ್ನ ಮಾತಿಗೆ ಜನ ಬಾಯಿ ಮುಚ್ಚಿ ಕೂತದ್ದು ಜೀವನದಲ್ಲಿ ಅದೇ ಮೊದಲು, ಅದು ಹಿತವಾಗಿಯೂ ಇತ್ತು. ಬಂಗಾರಪೇಟೆ ಅಜ್ಜಿಯೂ ತೆಂಗಿನಕಾಯಿ, ರವಿಕೆ ಕಣ ತಂದು ನನ್ನ ಕಾಲಿಗೆ ಉದ್ದಕ್ಕೆ ಬಿದ್ದರು. "ತಾಯೀ, ನಮ್ಮ ಸೊಸೆಗೆ ಯಾವಾಗ ಮಗು ಕೊಡ್ತೀಯ?" ಎಂದರು. "ಹುಣ್ಣಿಮೆ ಕಳೀಲಿ" ಎಂದೆ. ಹುಣ್ಣಿಮೆ ಕಳೆದ ಮೇಲೆ ಮಂಜುಳ ಬಸುರಿಯಾದಳು. ಬೇತಮಂಗಲದವರೆಗೂ ನನ್ನ ಹೆಸರು ಹೋಯಿತು.

ಮಗುವಿನ ಸುದ್ದಿ ಬಂದ ದಿನದಿಂದ ಆ ಇಬ್ಬರ ಮಾತು ತಿರುಗಿತು. "ಬಾಣಂತನ ಮಾಡ್ತಾಳಂತೆ. ನೀರು ಹಾಕುವಾಗ ಕೂಸು ಇವಳ ಕೈಯಿಂದ ಜಾರ್ತದೆ." "ಜಾರ್ತದೆ, ಬೀಳ್ತದೆ." ಹಾಲು ಕರೆಯುವಾಗ, ಮುದ್ದೆಗೆ ಹಿಟ್ಟು ತೊಳಸುವಾಗ, ಒಂದೇ ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ. ಮಗಳಿಗೆ, ಮಗುವಿಗೆ ನೀರು ಹಾಕುವುದು ತಾಯಿಯ ಕೆಲಸ. ನಮ್ಮಮ್ಮ ನನಗೆ ಮಾಡಿದ್ದಳು. ಅದಕ್ಕಾಗಿಯೇ ನಾನು ಬದುಕಿದ್ದೇನೆ ಎಂದುಕೊಂಡಿದ್ದೆ. ಅಂಥಾ ಕೈಯನ್ನೇ ನಂಬಬೇಡ ಎಂದು ಅವರು ಹೇಳುತ್ತಿದ್ದರು. ಊಟ ಸೇರಲಿಲ್ಲ. ಅನ್ನದಲ್ಲಿ ಏನೋ ಬೆರೆಸಿದ್ದಾರೆ ಎನ್ನಿಸುತ್ತಿತ್ತು. ಕಿವಿಗೆ ಹತ್ತಿ ತುರುಕಿ, ಕೊಟ್ಟಿಗೆಯಲ್ಲಿ ರೇಡಿಯೋ ಜೋರಾಗಿಟ್ಟು ಕೂರುತ್ತಿದ್ದೆ.

ವೆಂಕಟೇಶ ಒಂದು ಸಂಜೆ ಡೈರಿಗೆ ಹಾಲು ಹಾಕಿ ಬಂದವನು ರೇಡಿಯೋ ಆರಿಸಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಎಷ್ಟು ಜನ ಅಕ್ಕ?"

"ಇಬ್ರು" ಎಂದುಬಿಟ್ಟೆ, ನನಗೇ ತಿಳಿಯದ ಹಾಗೆ.

"ನಂಗೆ ಮೂರು ಜನ ಇದ್ರು. ಒಬ್ಬ ಬರೀ ನಗ್ತಿದ್ದ, ಬಡ್ಡೀಮಗ. ನಾನೂ ಇಂಗೇ ರೇಡಿಯೋ ಇಡ್ತಿದ್ದೆ."

"ಲೋ, ಇದು ಅಮ್ಮ ಕಣೋ. ದೇವ್ರು."

"ದೇವ್ರು ಒಂದೇ ಸಮ ಬೈತದೇನಕ್ಕ? ದೇವ್ರಿಗೆ ಬೇರೆ ಕೆಲ್ಸ ಇಲ್ವಾ?"

"ನಿನ್ ಕಾಯ್ಲೆ ಹೆಂಗುಸ್ರಿಗೆ ಬರಲ್ಲ ಕಣ್ಲಾ."

"ಯಾರಂದ್ರು? ಕಾಯ್ಲೇನೇ ಬಂದು ಹೇಳ್ತಾ?"

ನನಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಅವನು ನನ್ನ ಕಿವಿಯ ಹತ್ತಿಯನ್ನು ಮೆಲ್ಲಗೆ ತೆಗೆದ. "ನಾಳಿದ್ದು ನನ್ ಇಂಜೆಕ್ಷನ್ ದಿನ. ಜತೇಲಿ ಬಾ. ನಂಗೆ ದಾರಿ ಗೊತ್ತೈತೆ" ಎಂದ.

ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ಕೆಲಸಕ್ಕೆ ಹೋಗುವವರ ನೂಕುನುಗ್ಗಲಿನಲ್ಲಿ ಎಲ್ಲರೂ ನನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಎನ್ನಿಸಿತು. ವೆಂಕಟೇಶ ನನ್ನನ್ನು ಕಿಟಕಿಯ ಕಡೆ ಕೂರಿಸಿ ತಾನು ಅಡ್ಡ ಕೂತ. ಆಸ್ಪತ್ರೆಯ ಹಜಾರದಲ್ಲಿ ಹೆಸರು ಕರೆಯುವವರೆಗೆ ಉದ್ದನೆಯ ಬೆಂಚು. ಪಕ್ಕದಲ್ಲಿ ಕೆಜಿಎಫ್‌ನ ಒಬ್ಬ ತಮಿಳು ಹೆಂಗಸು ಬೆಳೆದ ಮಗನನ್ನು ಕರೆದುಕೊಂಡು ಬಂದಿದ್ದರು. ಡಬ್ಬಿ ಬಿಚ್ಚಿ ಇಡ್ಲಿ ನನ್ನ ಕಡೆ ಹಿಡಿದು, "ಸಾಪ್ಪುಡುಂಗಕ್ಕಾ, ಇಂಗೆ ಎಲ್ಲಾರುಮೇ ನಮ್ಮ ಜನಂದಾನ್" ಎಂದರು. ತಿನ್ನಿ ಅಕ್ಕ, ಇಲ್ಲಿರುವವರೆಲ್ಲಾ ನಮ್ಮವರೇ ಎಂದು. ವಿಷ, ಮುಟ್ಟಬೇಡ ಎಂದಿತು ಒಂದು ಧ್ವನಿ. ವೆಂಕಟೇಶನಿಗೆ ಹೇಗೆ ತಿಳಿಯಿತೋ, ಆ ಇಡ್ಲಿಯನ್ನು ಮುರಿದು ಅರ್ಧ ತಾನು ತಿಂದು ಇನ್ನರ್ಧ ನನ್ನ ಕೈಗಿಟ್ಟ. ತಿಂದೆ. ಎಷ್ಟೋ ದಿನದ ಮೇಲೆ ಉಪ್ಪಿನ ರುಚಿ ಗೊತ್ತಾಯಿತು.

ಒಳಗೆ ಇದ್ದದ್ದು ಸಣ್ಣ ವಯಸ್ಸಿನ ಡಾಕ್ಟರಮ್ಮ. ಎಲ್ಲಾ ಕೇಳಿ ಕೊನೆಗೆ, "ಅಮ್ಮಾ, ಮುಟ್ಟು ನಿಂತು ಎಷ್ಟು ದಿನ ಆಯ್ತು?" ಎಂದರು. ತಮ್ಮನ ಎದುರಿಗೆ! ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ವೆಂಕಟೇಶ ಫ್ಯಾನು ನೋಡಿದ, ಕ್ಯಾಲೆಂಡರು ನೋಡಿದ, "ನಾನು ಟೀ ಕುಡ್ಕಂಡ್ ಬತ್ತೀನಿ" ಎಂದು ಓಡಿದ.

ಅವರು ಕೇಳಿದ್ದಕ್ಕೆ ಕಾರಣವಿತ್ತು. ಈ ಕಾಯಿಲೆ ಗಂಡಸರಲ್ಲಿ ಹೆಚ್ಚಾಗಿ ಹರೆಯದಲ್ಲೇ ಕಾಣಿಸುತ್ತದಂತೆ. ಹೆಂಗಸರಲ್ಲಿ ಸ್ವಲ್ಪ ತಡ. ಕೆಲವರಲ್ಲಿ ಮುಟ್ಟು ನಿಲ್ಲುವ ವಯಸ್ಸಿನಲ್ಲಿ. "ಹೆಣ್ಣಿನ ಮೈಯಲ್ಲಿ ಒಂದು ಕಾಪು ಇರುತ್ತೆ ಅಂತ ನಾವು ಅಂದುಕೊಂಡಿದೀವಿ. ವಯಸ್ಸಾದಾಗ ಅದು ತೆಳುವಾಗುತ್ತೆ. ಪೂರ್ತಿ ನಮಗೂ ಇನ್ನೂ ಗೊತ್ತಿಲ್ಲ" ಎಂದರು. ಗೊತ್ತಿಲ್ಲ ಎಂದು ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

"ನಿಮ್ಮ ಮನೆಯ ಹೆಂಗಸರಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ?"

"ಇಲ್ಲಮ್ಮ. ಗಂಡಸರಿಗೆ ಮಾತ್ರ."

"ಯಾರಿಗೂ ಮೈಮೇಲೆ ದೇವರು ಬರ್ತಿರಲಿಲ್ವಾ?"

 ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಕಣ್ಣ ಮುಂದೆ ಬಂದಳು. ತಲೆ ನರೆಯುವ ವಯಸ್ಸಿನಲ್ಲಿ ಅವಳಿಗೆ ಅಮ್ಮ ಬರುತ್ತಿತ್ತು. ಒಬ್ಬಳೇ ಗೊಣಗುತ್ತಿದ್ದಳು, ಅನ್ನ ಮುಟ್ಟುತ್ತಿರಲಿಲ್ಲ. ಜನ ಆರತಿ ಎತ್ತುತ್ತಲೇ ಇದ್ದರು, ಅವಳು ಕಡ್ಡಿಯಂತಾಗಿ ಹೋಗಿಬಿಟ್ಟಳು. ಕಾಯಿಲೆಯವರನ್ನು ಎಣಿಸುವಾಗ ನಾವು ದೊಡ್ಡಪ್ಪ ಎನ್ನುತ್ತಿದ್ದೆವು, ವೆಂಕಟೇಶ ಎನ್ನುತ್ತಿದ್ದೆವು. ಅತ್ತೆಯ ಹೆಸರು ಯಾರ ಬಾಯಿಗೂ ಬಂದಿರಲಿಲ್ಲ. ಗಂಡಸಾದರೆ ಹುಚ್ಚು, ಹೆಂಗಸಾದರೆ ದೇವರು. ಗಂಗಮ್ಮನಿಗೆ ನಾನು ಇವತ್ತಿಗೂ ದೀಪ ಹಚ್ಚುತ್ತೇನೆ, ಡಾಕ್ಟರಮ್ಮ ಬೇಡವೆನ್ನಲಿಲ್ಲ. ಆದರೆ ನನ್ನ ಬೆನ್ನ ಹಿಂದೆ ಬೈಯುತ್ತಿದ್ದವಳು ಗಂಗಮ್ಮನಲ್ಲ.

ಮಾತ್ರೆ ಶುರುವಾಯಿತು. ಆ ಇಬ್ಬರು ಒಂದೇ ದಿನಕ್ಕೆ ಹೋಗಲಿಲ್ಲ. ಊರು ಬಿಟ್ಟ ಬಸ್ಸಿನ ಸದ್ದಿನ ಹಾಗೆ ನಿಧಾನವಾಗಿ ದೂರವಾದರು. ಆದರೆ ಆ ಮಾತ್ರೆಯಿಂದ ಕೈ ನಡುಗತೊಡಗಿತು. ಬೆರಳು ಬಿಗಿದುಕೊಂಡು ಕೆಚ್ಚಲು ಹಿಡಿಯಲು ಬಾರದು. ಹಸು ಒಮ್ಮೆ ಒದ್ದು ಬಕೆಟ್ಟು ಉರುಳಿಸಿತು.

ಅದೇ ಹೊತ್ತಿಗೆ ಬಂಗಾರಪೇಟೆಯಲ್ಲಿ ಮಂಜುಳಳಿಗೆ ಬಳೆ ತೊಡಿಸುವ ಶಾಸ್ತ್ರ. ನಾನು ಹಣ್ಣಿನ ತಟ್ಟೆ ಹಿಡಿದರೆ ತಟ್ಟೆ ಗಡಗಡ ಎಂದಿತು. ಆಸ್ಪತ್ರೆಯ ಸುದ್ದಿ ಕೇಳಿದ್ದ ಬಂಗಾರಪೇಟೆ ಅಜ್ಜಿ ಎಲ್ಲರ ಮುಂದೆ ಹೇಳಿಯೇಬಿಟ್ಟರು: "ಹೆರಿಗೆಗೆ ನಾನು ಸೊಸೇನ ಕಳ್ಸಲ್ಲ. ಗಂಡುಸ್ರಿಗೆ ಮಾತ್ರ ಅಂದ್ರಿ, ಈಗ ನೀವೇ ಇಂಗಿದ್ದೀರ. ನಾಳೆ ಅವ್ಳಿಗೆ, ನಾಳಿದ್ದು ಮಗೂಗೆ. ಈ ಕೈಯಾಗೆ ಕೂಸು ಕೊಟ್ರೆ ಜಾರಿ ಬಿದ್ದೋಗ್ತದೆ."

ಅವರು ಆಡಿದ್ದು ಆ ಇಬ್ಬರ ಮಾತನ್ನೇ. ಆದರೆ ಈ ಸಲ ಎಲ್ಲರಿಗೂ ಕೇಳಿಸಿತ್ತು.

ಬಸ್ಸಿನಲ್ಲಿ ವೆಂಕಟೇಶ, "ದೇವ್ರಾಗಿದ್ದಾಗ ಕಾಲಿಗೆ ಬಿದ್ರು. ಮನುಷ್ಯಳಾದ್ರೆ ನಮ್ಮನೆ ನೀರೂ ಬ್ಯಾಡ ಅಂತಾರೆ. ನೀನು ದೇವ್ರಾಗೇ ಇರ್ಬೇಕಿತ್ತು ಕಣಕ್ಕ" ಎಂದ. ನಾನು ನಗಲಿಲ್ಲ. ಮಂಜುಳ ಫೋನಿನಲ್ಲಿ "ಅಮ್ಮ, ನಂಗೆ ನೀನೇ ನೀರು ಹಾಕ್ಬೇಕು" ಎಂದು ಅತ್ತಳು.

ಮುಂದಿನ ಸಲ ಆಸ್ಪತ್ರೆಗೆ ಅವಳೂ ಬಂದಳು. ಡಾಕ್ಟರಮ್ಮ ಹೇಗಿದ್ದೀರಿ ಎಂದರೆ ನಾನು ಯಾವಾಗಲೂ "ಚೆನ್ನಾಗಿದೀನಿ" ಎನ್ನುವವಳು. ಅವತ್ತು ತಲೆಯೆತ್ತಿ ಹೇಳಿದೆ: "ಚೆನ್ನಾಗಿಲ್ಲಮ್ಮ. ನಾನು ಕೂಸಿಗೆ ನೀರು ಹಾಕಬೇಕು. ಈ ಕೈ ಸರಿ ಮಾಡಿಕೊಡಿ." ಮಂಜುಳ ಬಾಯಿ ಬಿಟ್ಟು ನನ್ನನ್ನೇ ನೋಡಿದಳು. ಡಾಕ್ಟರಮ್ಮ ಒಂದು ಮಾತ್ರೆ ಬದಲಾಯಿಸಿದರು, ಒಂದರ ಪ್ರಮಾಣ ಇಳಿಸಿದರು. ಕೈಗೆ ಕೆಲಸ ಕೊಡುತ್ತಿರಿ ಎಂದರು.

ಮಂಜುಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಇದಕ್ಕೆ ಬರುತ್ತಾ ಡಾಕ್ಟ್ರೇ? ಗಂಡಾದ್ರೆ ಬರುತ್ತಾ, ಹೆಣ್ಣಾದ್ರೆ ಬರುತ್ತಾ?"

ಭೂಮಿಕಾ, ನೀನು ಕೇಳಿದ್ದನ್ನು ನಿಮ್ಮಮ್ಮ ಆಗಲೇ ಕೇಳಿದ್ದಳು. ಡಾಕ್ಟರಮ್ಮ ಹೇಳಿದ್ದು ನನಗೆ ಅರ್ಥವಾದಷ್ಟು ಹೀಗಿದೆ. ರಕ್ತಸಂಬಂಧದಲ್ಲಿ ಇದು ಬರಬಹುದು, ಸುಳ್ಳಲ್ಲ. ಅದು ಒಂದೇ ಬೀಜವಲ್ಲ, ಸಣ್ಣ ಸಣ್ಣ ಬೀಜ ಎಷ್ಟೋ. ಅವು ಗಂಡಿನಲ್ಲೂ ಹೆಣ್ಣಿನಲ್ಲೂ ಇರುತ್ತವೆ. ಗಂಡಿನ ಮೈಯಲ್ಲಿ ಒಂದು ರೀತಿ, ಹೆಣ್ಣಿನ ಮೈಯಲ್ಲಿ ಇನ್ನೊಂದು ರೀತಿ ಕೆಲಸ ಮಾಡಬಹುದು. ಬೀಜ ಇದ್ದವರಲ್ಲೆಲ್ಲಾ ಮೊಳಕೆ ಬರುವುದಿಲ್ಲ. ಇಂಥ ಮನೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. "ಆದ್ರೂ ಬಂತು ಅನ್ನಿ, ನಿಮಗೆ ಈ ಬಾಗಿಲು ಗೊತ್ತಿದೆಯಲ್ಲ" ಎಂದು ನಕ್ಕರು.

ಕೈಗೆ ಏನು ಕೆಲಸ ಕೊಡುವುದು? ಕೊಟ್ಟಿಗೆಯ ಮಾಡಿನ ಮೇಲೆ ವೆಂಕಟೇಶ ಹಬ್ಬಿಸಿದ ಸೋರೆಬಳ್ಳಿಯಲ್ಲಿ ದಪ್ಪನೆಯ ಕಾಯಿ ತೂಗುತ್ತಿತ್ತು. ಎಳೆಗೂಸಿನಷ್ಟೇ ಭಾರ, ಅಷ್ಟೇ ನುಣುಪು. ಕಿತ್ತುಕೊಂಡು ಬಚ್ಚಲಿಗೆ ಹೋದೆ. ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಯಿಯನ್ನು ಕಾಲ ಮೇಲೆ ಮಲಗಿಸಿಕೊಂಡೆ. ಹರಳೆಣ್ಣೆ ಹಚ್ಚಿದೆ. ಕೂಸಿನ ಕತ್ತು ಎನ್ನುವಲ್ಲಿ ಹಿಡಿದು, ಬೋರಲು ಹಾಕಿ, ಹಂಡೆಯಿಂದ ಹದವಾದ ನೀರು ತೆಗೆದು ಎರೆದೆ. ಮೊದಲ ದಿನ ಜಾರಿ ಕಾಲ ಸಂದಿಗೆ ಬಿತ್ತು. ಮರುದಿನವೂ ಬಿತ್ತು. ಬಿಡಲಿಲ್ಲ. ದಿನವೂ ಎರೆದೆ. ವೆಂಕಟೇಶ ಬಾಗಿಲಾಚೆಯಿಂದ, "ಅಕ್ಕ, ಈ ಕೂಸಿಗೆ ಹೆಸ್ರೇನಿಡ್ತೀಯ? ದೃಷ್ಟಿಬೊಟ್ಟು ಮರೀಬ್ಯಾಡ" ಎನ್ನುತ್ತಿದ್ದ. ಕಾಯಿ ಬಾಡಿದರೆ ಇನ್ನೊಂದು ಕಿತ್ತು ತರುತ್ತಿದ್ದ. ಬಾಡಿದ್ದು ಹಸುವಿಗೆ.

ದಿನ ಕಳೆದಂತೆ ಬೆರಳು ಸಡಿಲವಾಯಿತು. ಒಂದು ಬೆಳಿಗ್ಗೆ ನಾನು ಎಣ್ಣೆ ಹಚ್ಚಿದ ಕಾಯಿಯನ್ನು ಕಾಲ ಮೇಲೆ ಹಾಕಿಕೊಂಡು, ಲಾಲಿ ಹೇಳುತ್ತಾ ನೀರೆರೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಬಂಗಾರಪೇಟೆ ಅಜ್ಜಿ! ಮಂಜುಳ ಹಟ ಹಿಡಿದಳೆಂದು, ನಾನು ಹೇಗಿದ್ದೇನೆಂದು ಕಣ್ಣಾರೆ ನೋಡಲು ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದರು.

"ಅಯ್ಯಯ್ಯೋ! ಪೂರ್ತಿ ಓಗ್ಬುಟ್ಟೈತೆ! ಸೋರೆಕಾಯಿಗೆ ಲಾಲಿ ಆಡ್ತಾವ್ರೆ!"

ಅವರು ಅಂಗಳಕ್ಕೆ ಓಡಿದರು. ವೆಂಕಟೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಅದು ಇನ್ನೂ ಕೇಡಾಯಿತು. ಇಷ್ಟಾದ ಮೇಲೆ ಎಲ್ಲಾ ಮುಗಿಯಿತು ಎನ್ನಿಸಿತು. ಮೊದಲಿನ ನಾನಾಗಿದ್ದರೆ ಬಚ್ಚಲ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಆದರೆ ಕಾಯಿ ಇನ್ನೂ ನನ್ನ ಕೈಯಲ್ಲೇ ಇತ್ತು, ಅಷ್ಟು ಗಾಬರಿಯಲ್ಲೂ ಜಾರಿರಲಿಲ್ಲ. ಅದನ್ನು ನೋಡಿ ಧೈರ್ಯ ಬಂತು.

"ಬೀಗರೇ, ಬನ್ನಿ ಇಲ್ಲಿ" ಎಂದು ಕರೆದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇದು ಸೋರೆಕಾಯಿ ಅಂತ ನಂಗೂ ಗೊತ್ತು. ಕೈ ಪಳಗಿಸ್ತಾ ಇದೀನಿ. ಎಣ್ಣೆ ಹಚ್ಚಿದೀನಿ, ನೀರು ಹಾಕ್ತಿದೀನಿ. ನೋಡಿ, ಎಲ್ಲಾದ್ರೂ ಜಾರ್ತೈತಾ?"

ಅವರು ಬಾಗಿಲ ಹತ್ತಿರ ಬಂದು ನೋಡಿದರು. ಬೋರಲು ಹಾಕಿದೆ, ಅಂಗಾತ ಹಾಕಿದೆ, ತಲೆಗೆ ನೀರು ಎರೆದೆ. ಬಂಗಾರಪೇಟೆ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅದೇನ್ ಮಹಾ! ಇಬ್ರು ಮಕ್ಳಿಗೆ ನೀರ್ ಹಾಕ್ದೋಳು ನಾನು. ಕೊಡಿ ಇಲ್ಲಿ" ಎಂದರು. ಮಣೆಯ ಮೇಲೆ ಕೂತು ಕಾಲು ಚಾಚಿದರು. ಕಾಯಿ ಕೊಟ್ಟೆ. ಹಿಡಿದರು, ತಿರುಗಿಸಿದರು. ಸರ್ರನೆ ಜಾರಿ ಬಚ್ಚಲ ಕಲ್ಲಿಗೆ ಬಿದ್ದು ಎರಡು ಹೋಳಾಯಿತು.

 ಕೊಟ್ಟಿಗೆಯಲ್ಲಿ ಹಸು ಕೂಗಿತು, ಆ ಸಲ ನಿಜವಾಗಿಯೂ.

ಬಂಗಾರಪೇಟೆ ಅಜ್ಜಿ ಹೋಳುಗಳನ್ನು ನೋಡಿದರು, ನನ್ನ ಕೈ ನೋಡಿದರು. ಕಣ್ಣು ತುಂಬಿಕೊಂಡು ನಕ್ಕರು. "ನಂಗೆ ಬಾಣಂತನ ಮಾಡೋಕೆ ತಾಯಿ ಇರ್ಲಿಲ್ಲ. ಯಾರ್ಯಾರ ಕೈಗೋ ಬಿದ್ದೆ" ಎಂದರು. ಹೋಳುಗಳನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಅವ್ಳಿಗೆ ನೀವೇ ಮಾಡಿ" ಎಂದರು. ಅವತ್ತು ಆ ಹೋಳುಗಳನ್ನೇ ಹೆಚ್ಚಿ ಹುಳಿ ಮಾಡಿದೆ. ಮುದ್ದೆಯ ಜೊತೆ ಎರಡು ಸಲ ಹಾಕಿಸಿಕೊಂಡು ಉಂಡರು.

ಮಂಜುಳ ಬಂದಳು. ಭೂಮಿಕಾ, ನೀನು ಹುಟ್ಟಿದೆ. ವೆಂಕಟೇಶ ತಾತ ಇಂದಿಗೂ ನಿನ್ನನ್ನು ಸೋರೆಕಾಯಿ ಎಂದು ಯಾಕೆ ಕರೆಯುತ್ತಾನೆ ಎಂದು ಮುನಿಸಿಕೊಳ್ಳುತ್ತಿದ್ದೆಯಲ್ಲ, ಇದಕ್ಕೇ.

ನಿನ್ನ ಮೊದಲ ಸ್ನಾನದ ದಿನ ಹಂಡೆಯಲ್ಲಿ ನೀರು ಮರಳುತ್ತಿತ್ತು, ಸಾಂಬ್ರಾಣಿಯ ಕೆಂಡ ಕಾಯುತ್ತಿತ್ತು. ಬಾಗಿಲಲ್ಲಿ ಬಂಗಾರಪೇಟೆ ಅಜ್ಜಿ ಟವೆಲ್ಲು ಹಿಡಿದು ನಿಂತಿದ್ದರು. ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದೆ. ಆಗ ಬಹಳ ದೂರದಿಂದ, ಬೇತಮಂಗಲ ಕೆರೆಯ ಆಚೆ ದಡದಿಂದ ಬಂದ ಹಾಗೆ, ಹಳೆಯ ಒಂದು ದನಿ ಕೇಳಿಸಿತು. "ಜಾರ್ತದೆ."

ನಾನು ಉತ್ತರ ಕೊಡಲಿಲ್ಲ. ಕೈಯಲ್ಲಿ ಕೆಲಸವಿತ್ತು.

ನೀನು ಕಿರುಚಿದೆ, ಒದ್ದೆ, ಕೊನೆಗೆ ಬಿಸಿನೀರಿನ ಸುಖಕ್ಕೆ ಆಕಳಿಸಿದೆ. ಮೂರು ವರ್ಷದ ಮೇಲೆ ಚರಣ್ ಹುಟ್ಟಿದಾಗ ಬಂಗಾರಪೇಟೆ ಅಜ್ಜಿಯೇ ಫೋನು ಮಾಡಿ, "ಬೀಗರೇ, ಬೇಗ ಬನ್ನಿ, ನನ್ ಕೈ ನಂಬೋ ಹಂಗಿಲ್ಲ" ಎಂದರು.

ಮಾತ್ರೆ ಈಗಲೂ ನುಂಗುತ್ತೇನೆ. ವೆಂಕಟೇಶನಿಗೆ ಈಗಲೂ ತಿಂಗಳ ಇಂಜೆಕ್ಷನ್. ಇಬ್ಬರೂ ಒಟ್ಟಿಗೆ ರೈಲಿಗೆ ಹೋಗುತ್ತೇವೆ, ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನುತ್ತೇವೆ. ಅದನ್ನು ನಿಮಗೆ ಹೇಳಿರಲಿಲ್ಲ.

ನಿಮ್ಮಿಬ್ಬರಿಗೂ ಇದು ಬರದೆ ಇರುವುದೇ ಹೆಚ್ಚು. ಚರಣ್, ಗಂಡು ಎಂದು ನೀನು ಹೆದರಬೇಡ. ಭೂಮಿಕಾ, ಹೆಣ್ಣು ಎಂದು ನೀನು ಮೈಮರೆಯಬೇಡ. ಒಂದು ವೇಳೆ ಎಂದಾದರೂ ಬೆನ್ನ ಹಿಂದೆ ಯಾರೋ ಮಾತಾಡಿದ ಹಾಗಾದರೆ ನಾಚಿಕೊಂಡು ಹತ್ತಿ ತುರುಕಿಕೊಂಡು ಕೂರಬೇಡಿ. ನನ್ನ ಹತ್ತಿರ ಬನ್ನಿ. ನಾನು ಹಸುವಿನ ನೆಪ ಹೇಳಿ ಎದ್ದು ಹೋಗುವುದಿಲ್ಲ. ಪಕ್ಕದಲ್ಲಿ ಕೂತು "ಎಷ್ಟು ಜನ?" ಎಂದಷ್ಟೇ ಕೇಳುತ್ತೇನೆ. ಆಮೇಲೆ ಸೀರೆ ಬದಲಾಯಿಸಿ ಹೊರಡುತ್ತೇನೆ, ದಾರಿ ನನಗೆ ಗೊತ್ತಿದೆ. ನೀವಿಬ್ಬರೂ ಎಣ್ಣೆ ಮೈಯಲ್ಲಿ ಒದ್ದಾಡಿದಾಗಲೇ ಈ ಕೈಯಿಂದ ಜಾರಲಿಲ್ಲ. ಈಗ ಜಾರಲು ಬಿಡುತ್ತೇನೆಯೇ?